ಕುಂಡದ ಮೆಣಸಿಗೆ ಎರೆಹುಳು ಗೊಬ್ಬರ: ಮನೆಯಲ್ಲೇ ಹುಳು ಸಾಕುವುದೋ, ಚೀಲ ತರುವುದೋ? ಅನುಭವ ಇದ್ದವರು ಹೇಳಿ

ಹಾಸನ ತಾರಸಿ:
ಎಲ್ಲರಿಗೂ ನಮಸ್ಕಾರ. ನಮ್ಮದು ಹಾಸನ ಪೇಟೆಯೊಳಗಿನ ಮನೆ. ತಾರಸಿ ಮೇಲೆ ಕುಂಡಗಳಲ್ಲಿ ಪೊದೆ ಮೆಣಸು, ಅಂದರೆ ಬಳ್ಳಿ ಹಬ್ಬದೆ ಪೊದೆಯಾಗಿ ಬೆಳೆಯುವ ಕರಿಮೆಣಸು, ಇಟ್ಟಿದ್ದೇನೆ. ಸರ್ಕಾರಿ ಗೊಬ್ಬರ (ರಾಸಾಯನಿಕದ್ದು) ಒಂದು ಕಾಳೂ ಹಾಕುವುದಿಲ್ಲ ಅಂತ ಮೊದಲಿಂದಲೂ ಹಟ. ಅಡುಗೆಮನೆ ಕಸದ ಕಾಂಪೋಸ್ಟ್ ಇದೆ. ಅದರ ಜೊತೆ ಎರೆಹುಳು ಗೊಬ್ಬರ ಕೊಡೋಣ ಅಂತಿದ್ದೇನೆ. ಚೀಲ ಕೊಳ್ಳಲಾ, ಇಲ್ಲ ಸಣ್ಣ ತೊಟ್ಟಿ ಇಟ್ಟು ಹುಳು ಸಾಕಲಾ? ಮಧ್ಯಾಹ್ನ ತಾರಸಿ ಕಾದು ಕೆಂಡ ಆಗಿರುತ್ತದೆ. ಇನ್ನೊಂದು ವಿಷಯ, ಹೋದ ಮಳೆಗಾಲದಲ್ಲಿ ಎರಡು ಗಿಡ ಬುಡ ಕಪ್ಪಾಗಿ ಸತ್ತವು. ಮಾಡಿ ನೋಡಿದವರು ದಯವಿಟ್ಟು ಹೇಳಿ.

ಮೂಡಿಗೆರೆ ಮಳೆ:
ಅಕ್ಕ, ಸ್ವಂತ ತೊಟ್ಟಿನೇ ಮಾಡಿ. ಆದರೆ ಖರ್ಚು ಎಷ್ಟು ಬೀಳುತ್ತದೆ ಅಂತ ಯಾರೂ ಪೂರ್ತಿ ಹೇಳುವುದಿಲ್ಲ, ನಾನು ಹೇಳುತ್ತೇನೆ.

ಟಾರ್ಪಾಲಿನ್ ಬೆಡ್, 12 ಅಡಿ ಉದ್ದ 4 ಅಡಿ ಅಗಲದ್ದು, 2,200 ರೂಪಾಯಿ. ನಮ್ಮ ಮಳೆಗೆ ಮೇಲೆ ತಗಡು ಇಲ್ಲದೆ ಆಗುವುದಿಲ್ಲ. ಕಂಬ, ತಗಡು, ಕೂಲಿ ಸೇರಿ 14,000. ಹುಳು ಕೆಜಿಗೆ 400ರಂತೆ ಐದು ಕೆಜಿ. ಮನೆಯಲ್ಲಿ ದನ ಇಲ್ಲ, ಈಗ ಯಾರ ಮನೆಯಲ್ಲಿದೆ ಹೇಳಿ? ಸಗಣಿ ಗೊಬ್ಬರ ಕಡೂರು ಕಡೆಯಿಂದ ಒಂದು ಟ್ರ್ಯಾಕ್ಟರ್, 6,500. ಬಂದ ಲೋಡಿನಲ್ಲಿ ಅರ್ಧ ಮಣ್ಣು. ಆರಿಸಿ ತೆಗೆದ ಕಲ್ಲಿನಲ್ಲೇ ಒಂದು ಮೆಟ್ಟಿಲು ಕಟ್ಟಬಹುದಿತ್ತು.

ಇಷ್ಟೆಲ್ಲ ಮಾಡಿ ಗೊಬ್ಬರ ತೆಗೆಯುವ ಹೊತ್ತಿಗೆ ಕಾಡುಹಂದಿ ಬಂತು. ಬೆಳಿಗ್ಗೆ ಹೋಗಿ ನೋಡಿದರೆ ಟಾರ್ಪಾಲಿನ್ ಒಂದು ಕಡೆಯಿಂದ ಸೀಳಿದೆ, ಗೊಬ್ಬರ ಅಂಗಳದ ತುಂಬ ಚೆಲ್ಲಿದೆ, ಒಂದು ಹುಳುವೂ ಇಲ್ಲ. ಎಲ್ಲಾ ತಿಂದು ಹಾಕಿದ್ದವು. ಅಳು ಬರುವುದೊಂದು ಬಾಕಿ. ಆಮೇಲೆ ಸಿಮೆಂಟ್ ಇಟ್ಟಿಗೆಯಲ್ಲಿ ತೊಟ್ಟಿ ಕಟ್ಟಿಸಿದೆ, ಮೇಲೆ ಜಾಲರಿ ಬಾಗಿಲು. ಅದಕ್ಕೆ 22,000. ಹಂದಿ ನಿಂತಿತು, ಕೆಂಪಿರುವೆ ಶುರುವಾಯಿತು. ಸುತ್ತ ಕಾಲುವೆ ಮಾಡಿ ನೀರು ನಿಲ್ಲಿಸಿದ ಮೇಲೆ ಅದೂ ನಿಂತಿತು. ಸುಂಡಿಲಿ ಮಾತ್ರ ಇವತ್ತಿಗೂ ಬರುತ್ತದೆ. ಜಾಲರಿಯ ಕಣ್ಣು ಸಣ್ಣದಿರಲಿ.

ಈಗ ಹುಳುವಿಗೆ ನಮ್ಮ ಕಾಫಿ ಸಿಪ್ಪೆಯನ್ನೇ ಕೊಡುತ್ತೇನೆ. ಪಲ್ಪರ್‌ನಿಂದ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ಬಿದ್ದ ಹಸಿ ಸಿಪ್ಪೆ ಕೊಟ್ಟರೆ ಹುಳು ಉಳಿಯುವುದಿಲ್ಲ, ಹುಳಿ ಜಾಸ್ತಿ, ಬಿಸಿಯೂ ಏಳುತ್ತದೆ. ಹೊರಗೆ ರಾಶಿ ಹಾಕಿ, ನಡುನಡುವೆ ಸಗಣಿ ನೀರು ಚೆಲ್ಲಿ, ಮಗುಚುತ್ತಾ ಇರಬೇಕು. ಕೈ ಒಳಗೆ ತೂರಿಸಿದರೆ ತಣ್ಣಗಿರಬೇಕು, ವಾಸನೆ ಹೋಗಿರಬೇಕು. ಆಮೇಲೆ ಹುಳು ಬಿಟ್ಟರೆ ಹೇಗೆ ತಿನ್ನುತ್ತವೆ ನೋಡಿ! ಚೀಲ ಕೊಂಡಿದ್ದರೆ ಅಗ್ಗ ಆಗುತ್ತಿತ್ತು ಅಂತ ನನ್ನ ತಮ್ಮ ಈಗಲೂ ಹೇಳುತ್ತಾನೆ. ಹೇಳಲಿ. ನನ್ನ ಗೊಬ್ಬರದಲ್ಲಿ ಏನಿದೆ ಅಂತ ನನಗೆ ಗೊತ್ತು.

ಅರಸೀಕೆರೆ ನಾಟಿ ಹಸು:
ಮೇಡಂ, ಹುಳು ಸಾಕುವುದೇ ದಂಡ. ನೀವು ಕೊಳ್ಳುವ ಹುಳು ಯಾವುದು ಅಂತ ಮೊದಲು ಕೇಳಿ. ಐಸೀನಿಯಾ ಫೆಟಿಡಾ ಇಲ್ಲವೇ ಆಫ್ರಿಕಾದ ಯೂಡ್ರಿಲಸ್. ಎರಡೂ ನಮ್ಮ ನೆಲದವಲ್ಲ. ಸಗಣಿ, ಕಸ ತಿಂದು ಮೇಲೆ ಮೇಲೆ ಇರುತ್ತವೆ, ನಮ್ಮ ಹುಳುವಿನ ಥರ ನೆಲ ಕೊರೆದು ಆಳಕ್ಕೆ ಇಳಿಯುವುದಿಲ್ಲ. ನೈಸರ್ಗಿಕ ಕೃಷಿಯ ಸುಭಾಷ್ ಪಾಳೇಕರ್ ಅವರು ಇದನ್ನು ವರ್ಷಗಟ್ಟಲೆ ಹೇಳಿಕೊಂಡೇ ಬಂದಿದ್ದಾರೆ.

ನಾನು ತೆಂಗಿಗೆ ಜೀವಾಮೃತ ಬಿಟ್ಟು ಬೇರೆ ಏನೂ ಕೊಡುವುದಿಲ್ಲ. 200 ಲೀಟರ್ ನೀರು, 10 ಕೆಜಿ ನಾಟಿ ಹಸುವಿನ ಸಗಣಿ, 10 ಲೀಟರ್ ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ಕಡಲೆ ಹಿಟ್ಟು, ಬದುವಿನ ಮಣ್ಣು ಒಂದು ಹಿಡಿ. ನೆರಳಲ್ಲಿಟ್ಟು ಬೆಳಿಗ್ಗೆ ಸಂಜೆ ತಿರುವಿದರೆ ಮುಗಿಯಿತು. ಬೆಲ್ಲ, ಹಿಟ್ಟು ಬಿಟ್ಟರೆ ಕಾಸು ಖರ್ಚಿಲ್ಲ. ಮುಚ್ಚಿಗೆ (ನೆಲದ ಮೇಲಿನ ಸೊಪ್ಪು ಕಸದ ಹೊದಿಕೆ) ಚೆನ್ನಾಗಿದ್ದರೆ ನೆಲದ ಹುಳು ತಾನೇ ಮೇಲೆ ಬರುತ್ತದೆ. ತೊಟ್ಟಿಗೆ 22,000 ಸುರಿಯುವುದು ಯಾಕೆ?

ಕೊಪ್ಪ ಬಾಳೆದಿಂಡು:
ಅರಸೀಕೆರೆ ಅಣ್ಣ, ಆ ಅಕ್ಕ ಕೇಳಿದ್ದು ಕುಂಡದ ಗಿಡಕ್ಕೆ. ಸಿಮೆಂಟ್ ತಾರಸಿ ಮೇಲಿನ ಕುಂಡಕ್ಕೆ ಯಾವ ನೆಲದಿಂದ ಹುಳು ಎದ್ದು ಬರುತ್ತದೆ ಹೇಳಿ? ಫಾರಿನ್ ಹುಳು ಅಂತ ಬೈಯುವವರ ಹೊಲದ ಟೊಮೇಟೊ, ಮೆಣಸಿನಕಾಯಿ, ಆಲೂಗಡ್ಡೆ ಎಲ್ಲಿಂದ ಬಂದವು? ನಾನು ಮತ್ತು ನಮ್ಮ ಓರಗಿತ್ತಿ ಇದೇ ಹುಳು ಸಾಕಿ ಮಕ್ಕಳ ಕಾಲೇಜು ಫೀಸು ಕಟ್ಟಿದ್ದೇವೆ. ನಮ್ಮ ಅನ್ನಕ್ಕೆ ಕಲ್ಲು ಹಾಕಬೇಡಿ.

ನಮ್ಮ ಕಥೆ ಹೇಳುತ್ತೇನೆ. ಮೊದಲು ಕೊಟ್ಟವನು ಆಫ್ರಿಕಾ ಹುಳು ಕೊಟ್ಟ. ಉದ್ದ, ದಪ್ಪ, ನೋಡಲು ಚೆಂದ. ಬೇಸಿಗೆಯಲ್ಲಿ ಗೊಬ್ಬರ ಬೇಗ ಬೇಗ ಆಗುತ್ತಿತ್ತು. ಮಲೆನಾಡಿನ ಚಳಿ ಅದಕ್ಕೆ ಆಗಿಬರುವುದಿಲ್ಲ ಅಂತ ಅವನು ಬಾಯಿ ಬಿಡಲಿಲ್ಲ. ಮಾರ್ಗಶಿರದ ಚಳಿಗೆ ತಿನ್ನುವುದೇ ನಿಲ್ಲಿಸಿದವು. ಮುಂದಿನ ಮಳೆಗಾಲದಲ್ಲಿ ಒಂದು ರಾತ್ರಿ ಗಾಳಿಮಳೆಗೆ ಎರಚಲು ಹೊಡೆದು ಬೆಡ್ ನೆಂದು ಹೋಯಿತು. ಬೆಳಿಗ್ಗೆ ಹುಳು ಗೋಡೆ ಹತ್ತಿ, ಬಚ್ಚಲು ದಾಟಿ ಅಂಗಳಕ್ಕೆ ಬಂದಿದ್ದವು. ಕೋಳಿಗಳಿಗೆ ಹಬ್ಬ. ನಮಗೆ 3,600 ರೂಪಾಯಿ ನಷ್ಟ. ಆಮೇಲೆ ಸಣ್ಣ ಕೆಂಪು ಹುಳು ತಂದೆವು, ಫೆಟಿಡಾ. ಅದು ಚಳಿ ತಡೆಯುತ್ತದೆ. ಗೊಬ್ಬರ ಸ್ವಲ್ಪ ನಿಧಾನ, ಆದರೆ ಓಡಿಹೋಗುವುದಿಲ್ಲ.

ಇನ್ನೊಂದು ಸಲ ಡೈರಿ ಇಟ್ಟವರೊಬ್ಬರ ಹತ್ತಿರ ಸಗಣಿ ತಂದೆವು. ಕೊಟ್ಟಿಗೆ ತೊಳೆಯಲು ಬ್ಲೀಚಿಂಗ್ ಪುಡಿ, ಫಿನಾಯಿಲ್ ಎಲ್ಲ ಹಾಕಿದ್ದರಂತೆ. ಒಂದು ಮೂಲೆಯ ಹುಳು ಪೂರ್ತಿ ಬಿಳಚಿಕೊಂಡು ಸತ್ತವು. ಅದಕ್ಕೇ ಈಗ ಯಾವ ಸಗಣಿ ಬಂದರೂ ಒಂದು ಹಳೆ ಬಾಣಲೆಯಲ್ಲಿ ಸ್ವಲ್ಪ ಹಾಕಿ, ಹತ್ತಿಪ್ಪತ್ತು ಹುಳು ಬಿಟ್ಟು, ಗೋಣಿತಾಟು ಮುಚ್ಚಿ ಒಂದು ರಾತ್ರಿ ಇಡುತ್ತೇವೆ. ಒಳಗೆ ಇಳಿದಿದ್ದರೆ ಸಗಣಿ ಸರಿ. ಅಂಚಿಗೆ ಬಂದು ಗುಂಪು ಕೂತಿದ್ದರೆ ಆ ಸಗಣಿ ಬೇಡ.

ಸಕಲೇಶಪುರ ರೈಟರ್:
ಎಲ್ಲರೂ ಹುಳುವಿನ ಹಿಂದೆ ಬಿದ್ದಿದ್ದೀರಿ. ಮೇಡಂ ಬುಡ ಕಪ್ಪಾಗಿ ಗಿಡ ಸತ್ತಿತು ಅಂದರು, ಅದನ್ನು ಯಾರೂ ನೋಡಲಿಲ್ಲ. ಎಸ್ಟೇಟ್‌ನಲ್ಲಿ ರೈಟರ್ ಕೆಲಸ ಮಾಡಿ ಕೂದಲು ಬೆಳ್ಳಗಾಗಿದೆ, ಮೆಣಸು ಸಾಯುವುದನ್ನು ಕಣ್ಣಾರೆ ನೋಡಿದ್ದೇನೆ. ನೀವು ಹೇಳಿದ ಲಕ್ಷಣ ಶೀಘ್ರ ಸೊರಗು ರೋಗದ್ದು, ಫೈಟಾಫ್ತೊರಾ ಅನ್ನುವ ಬೂಸ್ಟಿನಂಥ ರೋಗಾಣುವಿನಿಂದ ಬರುವುದು. ನೀರು ನಿಂತರೆ ಅದಕ್ಕೆ ಹಬ್ಬ. ಹಸಿರಾಗಿದ್ದ ಬಳ್ಳಿ ನೋಡನೋಡುತ್ತ ಎಲೆ ಉದುರಿಸಿ ನಿಲ್ಲುತ್ತದೆ.

ನಮ್ಮ ಸಾಹುಕಾರರು ಒಂದು ವರ್ಷ ಹಟಕ್ಕೆ ಬಿದ್ದು ಹಿಪ್ಪಲಿ ಗ್ರಾಫ್ಟ್, ಅಂದರೆ ಹಿಪ್ಪಲಿ ಬುಡಕ್ಕೆ ಮೆಣಸು ಕಸಿ ಕಟ್ಟಿದ ಗಿಡ, ತರಿಸಿದರು. ಬ್ರೆಜಿಲ್ ಹಿಪ್ಪಲಿ ಬೇರಿಗೆ ಈ ರೋಗ ತಟ್ಟುವುದಿಲ್ಲ, ಅದು ನಿಜ. ಗಿಡ ಒಂದಕ್ಕೆ 80 ರೂಪಾಯಿ. ಆಷಾಢದ ಮಳೆಯಲ್ಲಿ ಒಂದೂ ಸಾಯಲಿಲ್ಲ. ಆದರೆ ಆ ಬೇರಿಗೆ ಸದಾ ತೇವ ಬೇಕು. ಮಾರ್ಚ್‌ನಲ್ಲಿ ಕೆರೆ ಬತ್ತಿತು, ಪಂಪು ಕೆಟ್ಟಿತು, ಮೆಕ್ಯಾನಿಕ್ ನಾಳೆ ನಾಳೆ ಅಂದ. ಮಳೆಗೆ ಉಳಿದದ್ದು ಬಿಸಿಲಿಗೆ ಹೋಯಿತು. 24,000 ರೂಪಾಯಿಯ ಗಿಡ. ಆ ಲೆಕ್ಕ ಬರೆದ ಪುಸ್ತಕ ಇನ್ನೂ ನನ್ನ ಮೇಜಿನಲ್ಲಿದೆ.

ಈಗ ನಾವು ಹಳೆ ದಾರಿಗೇ ಬಂದಿದ್ದೇವೆ. ಮಳೆಗೆ ಮೊದಲು ಶೇಕಡ 1ರ ಬೋರ್ಡೋ ದ್ರಾವಣ. 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಹುಯ್ಯಬೇಕು. ಉಜ್ಜಿದ ಕುಡುಗೋಲಿನ ಅಲಗು ಅದ್ದಿ ನೋಡಿ. ಕೆಂಪಗೆ ತಾಮ್ರದ ಲೇಪ ಕೂತರೆ ಸುಣ್ಣ ಸಾಲದು. ಬೆಳ್ಳಗೆ ಇದ್ದರೆ ಹೊಡೆಯಬಹುದು.

ಕೊಪ್ಪ ಬಾಳೆದಿಂಡು:
ರೈಟರ್ ಅಣ್ಣ, ಅವರು ಸಾವಯವ ಅಂತ ಕೇಳಿದರೆ ನೀವು ಮೈಲುತುತ್ತ ಹೇಳುತ್ತೀರಲ್ಲ? ತಾಮ್ರ ಮಣ್ಣಿನಲ್ಲಿ ಕೂತರೆ ಹುಳುವಿಗೆ ಉಳಿಗಾಲವಿಲ್ಲ. ಬೋರ್ಡೋ ಹೊಡೆದ ತೋಟದ ದರಗು (ಒಣ ಎಲೆ) ಯಾರಾದರೂ ಪುಕ್ಕಟೆ ಕೊಟ್ಟರೂ ನಾವು ತೊಟ್ಟಿಗೆ ಹಾಕುವುದಿಲ್ಲ.

ಸಕಲೇಶಪುರ ರೈಟರ್:
ತಂಗಿ, ಸಾವಯವ ದೃಢೀಕರಣದ ನಿಯಮದಲ್ಲೂ ತಾಮ್ರಕ್ಕೆ ಮಿತಿ ಹಾಕಿ ಅವಕಾಶ ಕೊಟ್ಟಿದ್ದಾರೆ. ಸುಮ್ನೆ ವಿಷ ಅನ್ನಬೇಡಿ. ಬಳ್ಳಿಯೇ ಸತ್ತ ಮೇಲೆ ಹುಳು ಇಟ್ಟುಕೊಂಡು ಏನು ಮಾಡುತ್ತೀರಿ?

ಬೋರ್ಡೋ ಬೇಡ ಅನ್ನುವವರಿಗೆ ಟ್ರೈಕೋಡರ್ಮಾ ಇದೆ, ರೋಗಾಣುವನ್ನು ಹತ್ತಿಕ್ಕುವ ಒಳ್ಳೆಯ ಬೂಸ್ಟು ಅದು. 90 ಕೆಜಿ ಕೊಟ್ಟಿಗೆ ಗೊಬ್ಬರ, 10 ಕೆಜಿ ಬೇವಿನ ಹಿಂಡಿ, 1 ಕೆಜಿ ಟ್ರೈಕೋಡರ್ಮಾ. ನೆರಳಲ್ಲಿ ತೇವ ಆರದ ಹಾಗೆ ಗೋಣಿ ಮುಚ್ಚಿ ಎರಡು ವಾರ ಇಟ್ಟರೆ ಬೂಸ್ಟು ಹಬ್ಬುತ್ತದೆ. ಮನೆಗೆ ಅದರ ಹತ್ತನೇ ಒಂದು ಪಾಲು ಸಾಕು. ಆದರೆ ಬೋರ್ಡೋ ಹುಯ್ದ ಬುಡಕ್ಕೆ ಬೆನ್ನಿಗೇ ಇದನ್ನು ಹಾಕಬೇಡಿ, ತಾಮ್ರ ಇದನ್ನೂ ಕೊಲ್ಲುತ್ತದೆ.

ಕಡೂರು ಕುರಿಗೊಬ್ಬರ:
ಮೂಡಿಗೆರೆಯವರೇ, ಕಡೂರಿನ ಲೋಡಿನಲ್ಲಿ ಅರ್ಧ ಮಣ್ಣು ಅಂದಿರಲ್ಲ, ಯಾರ ಹತ್ತಿರ ತಂದಿರಿ? ದಲ್ಲಾಳಿ ಹತ್ತಿರ ತಂದು ಊರಿಗೇ ಕೆಟ್ಟ ಹೆಸರು ಕಟ್ಟಬೇಡಿ. ನಿಮ್ಮ ಮಲೆನಾಡಿನ ತೋಟ ನಿಂತಿರುವುದೇ ನಮ್ಮ ಬಯಲುಸೀಮೆ ಗೊಬ್ಬರದ ಮೇಲೆ. ನಾವು ಮೂರು ಮನೆಯವರು ಸೇರಿ ಕುರಿ ಮಂದೆ ಇಟ್ಟಿದ್ದೇವೆ. ರೊಪ್ಪ ಗುಡಿಸಿ, ಒಣಗಿಸಿ, ಚೀಲಕ್ಕೆ ತುಂಬುವ ಕೂಲಿಯೇ ಚೀಲಕ್ಕೆ 25 ರೂಪಾಯಿ. ಮೇಲೆ ಗಾಡಿ ಬಾಡಿಗೆ, ಲೋಡಿಂಗ್, ಅನ್‌ಲೋಡಿಂಗ್. ನಿಮ್ಮ ಗೇಟಿಗೆ ಬಂದ ಮೇಲೆ ಚೌಕಾಸಿ ಮಾಡಿ 20 ರೂಪಾಯಿ ಇಳಿಸುತ್ತೀರಿ. ಹೋದ ವರ್ಷ ಒಬ್ಬರು ಇಳಿಸಿಕೊಂಡ ಮೇಲೆ 40 ಚೀಲದ ದುಡ್ಡು ಕಾಫಿ ಮಾರಿದ ಮೇಲೆ ಕೊಡುತ್ತೇನೆ ಅಂದರು. ಕಾಫಿ ಮಾರಿದರು, ಹೊಸ ಜೀಪೂ ಬಂತು, ನನ್ನ ದುಡ್ಡು ಬರಲಿಲ್ಲ.

ಕುಂಡಕ್ಕೆ ಕುರಿ ಗೊಬ್ಬರ ಒಂದು ಬೊಗಸೆ ಸಾಕು, ಹಳೆಯದು ಇರಬೇಕು. ಎರೆಹುಳು, ಟ್ರೈಕೋಡರ್ಮಾ ಇಲ್ಲದೆಯೇ ನಮ್ಮಜ್ಜಿ ದಾಳಿಂಬೆ ಬೆಳೆಸಿದ್ದಳು.

ಮೂಡಿಗೆರೆ ಮಳೆ:
ಗೌಡ್ರೇ, ನಾನು ನನಗೆ ಬಂದ ಲೋಡಿನ ಮಾತಾಡಿದೆ, ನಿಮ್ಮ ಊರಿನ ಮಾತಲ್ಲ. ಆದರೆ ಮಲೆನಾಡಿನವರು ಜೀಪು ತಗೊಂಡು ದುಡ್ಡು ಕೊಡುವುದಿಲ್ಲ ಅಂತ ಎಲ್ಲರನ್ನೂ ಸೇರಿಸಿ ಹೇಳುವುದೂ ಸರಿಯಲ್ಲ. ನಾನು ಇಳಿಸಿದ ದಿನವೇ ಕೈಗೆ ಎಣಿಸಿ ಕೊಟ್ಟಿದ್ದೇನೆ, ಕಲ್ಲಿಗೂ ಸೇರಿಸಿ.

ಅರಸೀಕೆರೆ ನಾಟಿ ಹಸು:
ನೋಡಿ, ಹೊರಗಿನಿಂದ ತರುವುದು ಶುರು ಮಾಡಿದರೆ ಇದೇ ಜಗಳ. ಒಂದು ನಾಟಿ ಹಸು ಇದ್ದರೆ ಯಾರ ಗೇಟಿಗೂ ಹೋಗಬೇಕಾಗಿಲ್ಲ.

ಕೊಪ್ಪ ಬಾಳೆದಿಂಡು:
ಹಾಸನದ ಅಕ್ಕ ಹಸುವನ್ನು ತಾರಸಿಗೆ ಹತ್ತಿಸಲು ಆಗುತ್ತದಾ ಅಣ್ಣ?

ಹಾಸನ ತಾರಸಿ:
ಎಲ್ಲರಿಗೂ ಧನ್ಯವಾದ. ಓದಿ ತಲೆ ತುಂಬಿದೆ. ನನ್ನ ಕುಂಡದ ಮಣ್ಣಿನಲ್ಲಿ ಅರ್ಧಕ್ಕರ್ಧ ಕಾಂಪೋಸ್ಟೇ ಇದೆ. ಇದರ ಮೇಲೆ ಎರೆಗೊಬ್ಬರ ಎಷ್ಟು ಹಾಕಬಹುದು? ಮತ್ತೆ ತಾರಸಿ ಬಿಸಿಲಿಗೆ ಹುಳು ಬದುಕುತ್ತಾ?

ಕೊಪ್ಪ ಬಾಳೆದಿಂಡು:
ಅಕ್ಕ, ಅರ್ಧಕ್ಕರ್ಧ ಅಂದರೆ ತುಂಬ ಜಾಸ್ತಿ. ಮಳೆಗೆ ಅದು ನೀರು ಹಿಡಿದು ಕೆಸರಾಗುತ್ತದೆ, ಬುಡ ಕೊಳೆಯುವುದು ಅಲ್ಲಿಂದಲೇ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು, ಕಾಂಪೋಸ್ಟ್ ಮತ್ತು ಎರೆಗೊಬ್ಬರ ಎರಡೂ ಸೇರಿ ಒಂದು ಪಾಲು. ಕುಂಡದ ತಳಕ್ಕೆ ಹೆಂಚಿನ ಚೂರು. ಕುಂಡವನ್ನು ಇಟ್ಟಿಗೆ ಮೇಲೆ ಎತ್ತಿಡಿ, ತೂತು ಸಿಮೆಂಟಿಗೆ ಅಂಟಬಾರದು. ಆಮೇಲೆ ಎರೆಗೊಬ್ಬರ ಮೇಲಿಂದ ಒಂದೊಂದು ಹಿಡಿ ಕೊಡುತ್ತಿರಿ, ಬುಡಕ್ಕೆ ತಾಗಿಸದೆ ಸುತ್ತ.

ಹುಳುವನ್ನು ತಾರಸಿಯಲ್ಲಿ ಇಡಲೇಬೇಡಿ, ಬೇಯುತ್ತವೆ. ಮೆಟ್ಟಿಲ ಕೆಳಗೆ ಇಲ್ಲವೇ ಬಚ್ಚಲ ಹಿಂದೆ ತೂತು ಮಾಡಿದ ಹಳೆ ಡ್ರಮ್ ಸಾಕು. ತಳಕ್ಕೆ ತೆಂಗಿನ ನಾರು, ಮೇಲೆ ಹೆಚ್ಚಿದ ಬಾಳೆದಿಂಡು, ಬಿಸಿ ಹೋದ ಸಗಣಿ. ನಿಂಬೆ ಸಿಪ್ಪೆ, ಉಪ್ಪು, ಒಗ್ಗರಣೆ ಬಿದ್ದ ಅನ್ನ ಹಾಕಬೇಡಿ. ಹುಳು ಅರ್ಧ ಕೆಜಿ ಸಾಕು. ಅದರಲ್ಲಿ ಗೊಬ್ಬರ ಆಗುವ ತನಕ ಚೀಲ ತನ್ನಿ, ಆದರೆ ಒಂದು ಹಿಡಿ ಗಾಜಿನ ಲೋಟದ ನೀರಿಗೆ ಹಾಕಿ ಕಲಕಿ ನೋಡಿ. ತಳದಲ್ಲಿ ಮರಳು ಗಟ್ಟಿಯಾಗಿ ಕೂತರೆ ವಾಪಸ್ ಕೊಡಿ. ನಮ್ಮ ಕಡೆ ಕೆಜಿಗೆ 12 ರೂಪಾಯಿ ಇದೆ. 6 ರೂಪಾಯಿಗೆ ಸಿಗುವುದೆಲ್ಲ ಮಣ್ಣು ಬೆರೆಸಿದ್ದು.

ಕಡೂರು ಕುರಿಗೊಬ್ಬರ:
6 ರೂಪಾಯಿದೆಲ್ಲ ಮಣ್ಣು ಅಂತ ಹೇಗೆ ಹೇಳುತ್ತೀರಿ ತಾಯಿ? ನಮ್ಮ ಪಕ್ಕದ ಊರಿನವರು 7ಕ್ಕೆ ಕೊಡುತ್ತಾರೆ, ಸಗಣಿ ಅವರ ಕೊಟ್ಟಿಗೆಯದೇ. ನೀವು ಸಗಣಿ ಕೊಂಡು ಮಾಡುತ್ತೀರಿ, ಅದಕ್ಕೆ 12.

ಕೊಪ್ಪ ಬಾಳೆದಿಂಡು:
ಜರಡಿ ಹಿಡಿದು, ಹುಳು ಮೊಟ್ಟೆ ಆರಿಸಿ ವಾಪಸ್ ಬಿಟ್ಟು, ನೆರಳಲ್ಲಿ ಆರಿಸಿ ಕೊಡುವುದಕ್ಕೆ 12. ನಿಮ್ಮ ಪಕ್ಕದ ಊರಿನವರು ಜರಡಿ ಹಿಡಿಯುತ್ತಾರಾ, ಮೊದಲು ಕೇಳಿ ಬನ್ನಿ.