ಹಳೇ ರೇಸ್ ಕೋರ್ಸಿನ ಬುಕ್ಕಿಗಳ ಕಾಲ ನೋಡಿದವರು ಯಾರಾದರೂ ಇದ್ದೀರಾ?

ತ್ಯಾಗರಾಜನಗರದವನು:

ನಮ್ಮ ತಾತ ಹೋಗಿ ಎರಡು ತಿಂಗಳಾಯಿತು. ಅವರ ಟ್ರಂಕ್ ಖಾಲಿ ಮಾಡುವಾಗ ತಳದಲ್ಲಿ ದಾರ ಕಟ್ಟಿದ ಒಂದು ಕಟ್ಟು ಸಿಕ್ಕಿತು. ಎಲ್ಲಾ ಸಣ್ಣ ಸಣ್ಣ ರಟ್ಟಿನ ಕಾರ್ಡುಗಳು. ಒಂದು ಕಡೆ ಅಚ್ಚು ಹಾಕಿದ ನಂಬರ್, ಇನ್ನೊಂದು ಕಡೆ ತಾತನ ಕೈಬರಹದಲ್ಲಿ ಪೆನ್ಸಿಲ್‌ನಿಂದ 5-2, 4-1, ಪಕ್ಕದಲ್ಲಿ 10, 20 ಅಂತ ಬರೆದಿದೆ. ಅಜ್ಜಿಗೆ ತೋರಿಸಿದರೆ "ಕುದುರೆ ಬಾಲಕ್ಕೆ ಕಟ್ಟಿದ ದುಡ್ಡು ಅದು" ಎಂದು ಅಡುಗೆಮನೆಗೆ ಹೋಗಿಬಿಟ್ಟರು. ತಾತ ರೇಸಿಗೆ ಹೋಗುತ್ತಿದ್ದರು ಅನ್ನೋದೇ ನನಗೆ ಗೊತ್ತಿರಲಿಲ್ಲ.

ಬೆಂಗಳೂರು ಟರ್ಫ್ ಕ್ಲಬ್‌ನಲ್ಲಿ ಎಪ್ಪತ್ತು, ಎಂಬತ್ತರ ದಶಕದಲ್ಲಿ ಬುಕ್ಕಿಗಳ ಹತ್ತಿರ ದುಡ್ಡು ಕಟ್ಟುವುದು ಹೇಗಿತ್ತು? ಈ ಕಾರ್ಡ್ ಏನು? ಕಂಡವರು ಹೇಳಿ. ಗೂಗಲ್ ಮಾಡಿದರೆ ಬರೀ ಈಗಿನ ಆ್ಯಪ್‌ಗಳ ಜಾಹೀರಾತು ಬರುತ್ತೆ.

ಲೆಡ್ಜರ್ ರಾಯರು:

ನಾನು 1974ರಿಂದ 1991ರವರೆಗೆ ರಿಂಗಿನಲ್ಲಿ ಒಬ್ಬ ಬುಕ್ಕಿ ಹತ್ತಿರ ಲೆಡ್ಜರ್ ಬರೆದವನು. ಹೆಸರು ಬೇಡ, ಅವರ ಮನೆಯವರು ಇಲ್ಲೇ ಊರಲ್ಲಿದ್ದಾರೆ.

ರಿಂಗ್ ಅಂದರೆ ಸಾಲಾಗಿ ಸ್ಟಾಲುಗಳು. ಕ್ಲಬ್ಬಿನ ಲೈಸೆನ್ಸ್ ಇದ್ದವರಿಗೆ ಮಾತ್ರ ಜಾಗ. ಸಾಹುಕಾರರು, ಅಂದರೆ ನಮ್ಮ ಬುಕ್ಕಿ, ಮೇಲೆ ನಿಲ್ಲುತ್ತಿದ್ದರು, ಪಕ್ಕದಲ್ಲಿ ಬೋರ್ಡು, ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಒಂದೊಂದು ಕುದುರೆಯ ಭಾವ, ಅಂದರೆ ಗೆದ್ದರೆ ಎಷ್ಟಕ್ಕೆ ಎಷ್ಟು ಅನ್ನೋ ದರ. ಮೂರು ನಿಮಿಷಕ್ಕೊಮ್ಮೆ ಅಳಿಸು, ಬರೆ. ನೀವು ಬಂದು "ನಾಲ್ಕನೇ ನಂಬರಿಗೆ ಇಪ್ಪತ್ತು" ಅಂದರೆ ಸಾಹುಕಾರರು ಭಾವ ಕೂಗಿ ಕಾರ್ಡ್ ಕೊಡೋರು. ನಾನು ಆ ಕಾರ್ಡ್ ನಂಬರ್ ಎದುರು ಕುದುರೆ, ಭಾವ, ಮೊತ್ತ ಬರೆದುಕೊಳ್ಳಬೇಕು. ಕಾರ್ಡಿನ ಮೇಲೆ ಏನೂ ಬರೆಯುತ್ತಿರಲಿಲ್ಲ. ಎಲ್ಲಾ ನನ್ನ ಲೆಡ್ಜರಿನಲ್ಲೇ. ನಿಮ್ಮ ತಾತ ಮರೆಯಬಾರದು ಅಂತ ತಾವೇ ಹಿಂದೆ ಬರೆದುಕೊಂಡಿದ್ದಾರೆ.

5-2 ಅಂದರೆ ಎರಡು ರೂಪಾಯಿ ಕಟ್ಟಿದರೆ ಐದು ಲಾಭ, ಕಟ್ಟಿದ ಎರಡೂ ವಾಪಸ್. ನೀವು ಕಟ್ಟಿದ ಮೇಲೆ ಭಾವ ಬಿದ್ದರೂ ನಿಮ್ಮದು ಬದಲಾಗುತ್ತಿರಲಿಲ್ಲ. ಟೋಟ್ ಕೌಂಟರಿನಲ್ಲಿ ಹಾಗಲ್ಲ. ಅಲ್ಲಿ ಎಲ್ಲರ ದುಡ್ಡೂ ಒಂದೇ ರಾಶಿಗೆ ಬಿದ್ದು, ತೆರಿಗೆ, ಕ್ಲಬ್ಬಿನ ಪಾಲು ಕಳೆದು, ಉಳಿದದ್ದನ್ನು ಗೆದ್ದವರು ಹಂಚಿಕೊಳ್ಳಬೇಕು. ಎಷ್ಟು ಬರುತ್ತೆ ಅಂತ ರೇಸ್ ಶುರುವಾಗೋವರೆಗೂ ಖಚಿತ ಇಲ್ಲ. ಅದಕ್ಕೇ ಲೆಕ್ಕ ಬಲ್ಲವರು ರಿಂಗಿಗೆ ಬರುತ್ತಿದ್ದರು.

ಬುಕ್ಕಿಗೆ ಲಾಭ ಹೇಗೆ ಅಂತ ಎಲ್ಲರೂ ಕೇಳ್ತಾರೆ. ನಾಲ್ಕು ಕುದುರೆ ಇದೆ ಅಂದುಕೊಳ್ಳಿ. ಒಂದಕ್ಕೆ ಸಮ, ಅಂದರೆ ಕಟ್ಟಿದಷ್ಟೇ ಲಾಭ. 100 ಕೈಗೆ ಬರಬೇಕಾದರೆ 50 ಕಟ್ಟಬೇಕು, ಅದು 50 ಪರ್ಸೆಂಟ್. ಒಂದಕ್ಕೆ 3-1, ಅದು 25. ಒಂದಕ್ಕೆ 4-1, ಅದು 20. ಕೊನೆಯದಕ್ಕೆ 9-1, ಅದು 10. ಕೂಡಿಸಿ, 105. ಈ ಅಳತೆಯಲ್ಲೇ ದುಡ್ಡು ಬಂದರೆ ಯಾವುದು ಗೆದ್ದರೂ 105 ತಗೊಂಡು 100 ಕೊಟ್ಟಂತೆ. ಆದರೆ ಜನ ಹಾಗೆ ಅಳತೆಗೆ ಕಟ್ಟುತ್ತಾರಾ? ಎಲ್ಲರೂ ಫೇವರಿಟ್, ಅಂದರೆ ಗೆಲ್ಲುತ್ತೆ ಅಂತ ಹೆಚ್ಚು ಜನ ನಂಬಿದ ಕುದುರೆ ಮೇಲೇ ಸುರಿದರೆ ಸಾಹುಕಾರರು ಭಾವ ಇಳಿಸಿ, ಅದೇ ಕುದುರೆ ಮೇಲೆ ಬೇರೆ ಸ್ಟಾಲಿನಲ್ಲಿ ತಾವೇ ದುಡ್ಡು ಹಾಕಿ ಭಾರ ಇಳಿಸಿಕೊಳ್ಳಬೇಕು. ಇದೆಲ್ಲಾ ಕಾಗದ ಇಲ್ಲದೆ ತಲೆಯಲ್ಲೇ ಮಾಡುತ್ತಿದ್ದರು. ಓದಿದ್ದು ಏಳನೇ ಕ್ಲಾಸು. ಅಂಥ ತಲೆ ನಾನು ಆಮೇಲೆ ಎಲ್ಲೂ ನೋಡಲಿಲ್ಲ, ನಿಜವಾಗಿ ಹೇಳ್ತೀನಿ.

ಇನ್ನೊಂದು ಮಾತು, ಹೇಳಬೇಕೋ ಬೇಡವೋ ಅಂತ ಯೋಚಿಸಿ ಬರೆಯುತ್ತಿದ್ದೇನೆ. ಗೆದ್ದ ಕಾರ್ಡನ್ನು ವಾಪಸ್ ಕೊಟ್ಟೇ ದುಡ್ಡು ತಗೋಬೇಕಿತ್ತು. ಹಾಗಾಗಿ ಮನೆಯಲ್ಲಿ ಉಳಿದ ಕಾರ್ಡುಗಳೆಲ್ಲ ಸೋತವು. ಸೋತ ಕಾರ್ಡನ್ನು ಜನ ಅಲ್ಲೇ ಎಸೆಯುತ್ತಿದ್ದರು, ಸಂಜೆ ನೆಲವೆಲ್ಲ ರಟ್ಟು. ಕೆಲವೊಮ್ಮೆ ರೇಸ್ ಮುಗಿದ ಮೇಲೆ ಅಬ್ಜೆಕ್ಷನ್ ಬಂದು ಗೆದ್ದ ಕುದುರೆ ಕೆಳಗಿಳಿದರೆ, ಎಸೆದವರೆಲ್ಲ ಬಗ್ಗಿ ಹುಡುಕೋದು ನೋಡಿದ್ದೇನೆ. ಆದರೆ ಸೋತದ್ದನ್ನು ದಾರ ಕಟ್ಟಿ ಇಟ್ಟುಕೊಂಡವರನ್ನು ನಾನು ಕಂಡಿಲ್ಲ.

ಚಾಮುಂಡಿಪುರಂ:

ರಾಯರೇ, ಓದಿ ಮೈ ಜುಂ ಅಂತು. ನಮ್ಮದು ಮೈಸೂರು. ಇಲ್ಲಿನ ರೇಸ್ ಕ್ಲಬ್ 1891ರದ್ದು. ಚಾಮುಂಡಿ ಬೆಟ್ಟದ ಬುಡದಲ್ಲಿ ಕುದುರೆ ಓಡೋದು ನೋಡುವುದೇ ಒಂದು ಚಂದ. ನಮ್ಮಪ್ಪ ಒಂದು ರೂಪಾಯಿ ಕಟ್ಟಿದವರಲ್ಲ, ಆದರೂ ಕಾಂಪೌಂಡಿನ ಆಚೆ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ತೋರಿಸುತ್ತಿದ್ದರು.

ಇದು ಜೂಜಲ್ವಾ ಅಂತ ಕೇಳುವವರಿಗೆ ಒಂದು ವಿಷಯ. 1996ರಲ್ಲಿ ಮದ್ರಾಸ್ ರೇಸ್ ಕ್ಲಬ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಕುದುರೆ ರೇಸು ಹೆಚ್ಚಾಗಿ ಕೌಶಲದ ಆಟ ಅಂತ ಹೇಳಿತು. ಆದರೆ 2017ರಲ್ಲಿ 28 ಪರ್ಸೆಂಟ್ ಜಿಎಸ್‌ಟಿ ಬಿದ್ದ ಮೇಲೆ ಕಟ್ಟುವವರು ಕಡಿಮೆಯಾದರು. ಕದ್ದು ಫೋನಿನಲ್ಲಿ ಬರೆದುಕೊಳ್ಳುವವರಿಗೆ ಅದೇ ಹಬ್ಬ. ತೆರಿಗೆ ಇಲ್ಲ, ರಸೀದಿ ಇಲ್ಲ, ಕೊನೆಗೆ ನ್ಯಾಯವೂ ಇಲ್ಲ.

ಸುಧಾ_ಶ್ರೀರಾಂಪುರ:

ಎಲ್ಲರೂ ಪ್ರೀತಿಯಿಂದ ಬರೆಯುತ್ತಿದ್ದೀರಿ. ನನಗೆ ಆಗುತ್ತಿಲ್ಲ, ಕ್ಷಮಿಸಿ.

ನಮ್ಮಪ್ಪ ಕಾರ್ಖಾನೆಯಲ್ಲಿದ್ದರು. ಶನಿವಾರ ರೇಸ್ ಇದ್ದರೆ ಸಂಜೆ ನಾವು ಮೂರು ಮಕ್ಕಳು ಬೀದಿಯ ಕಡೆ ಕಿವಿ ಕೊಟ್ಟು ಕೂರುತ್ತಿದ್ದೆವು. ಗೆದ್ದರೆ ಆಟೋದಲ್ಲಿ ಬರೋರು. ಸೋತರೆ ಬಸ್ಸಿಗೂ ದುಡ್ಡಿಲ್ಲದೆ ರೇಸ್ ಕೋರ್ಸ್‌ನಿಂದ ಶ್ರೀರಾಂಪುರಕ್ಕೆ ನಡೆದುಕೊಂಡೇ. ಆಟೋ ಸದ್ದು ಬಂದು ನಮ್ಮ ಮನೆ ದಾಟಿ ಮುಂದೆ ಹೋದಾಗ ಅಮ್ಮ ಎದ್ದು ಉಳಿದ ಅನ್ನಕ್ಕೆ ನೀರು ಹಾಕುತ್ತಿದ್ದರು. ಆ ಸದ್ದು ನನಗೆ ಈಗಲೂ ಕೇಳುತ್ತೆ. ಅಮ್ಮನ ಎರಡೆಳೆ ಸರ ಗಿರವಿ ಅಂಗಡಿಗೆ ಹೋದದ್ದು ವಾಪಸ್ ಬರಲೇ ಇಲ್ಲ.

ರಾಯರೇ, ನಿಮ್ಮ ಸಾಹುಕಾರರ ಲೆಕ್ಕ ಎಷ್ಟು ಚೊಕ್ಕವಾಗಿದ್ದರೂ ಆ ಮೇಲಿನ ಐದು ರೂಪಾಯಿ ನಮ್ಮಂಥವರ ಮನೆಯಿಂದಲೇ ಬಂದದ್ದು.

ಲೆಡ್ಜರ್ ರಾಯರು:

ಹೌದಮ್ಮ ಸುಧಾ. ನೀವು ಹೇಳಿದ್ದು ನಿಜ. ತಿಂಗಳ ಮೊದಲ ಶನಿವಾರ ಬರುವ ಮುಖಗಳು ನಮಗೆ ಗೊತ್ತಿರುತ್ತಿದ್ದವು. ಸಂಬಳದ ಕವರಿನಿಂದಲೇ ತೆಗೆದು ಕೊಡೋರು. ನಾನು ಬರೆದುಕೊಂಡೆ, ಬೇಡ ಹೋಗಿ ಅಂತ ಒಬ್ಬರಿಗೂ ಹೇಳಲಿಲ್ಲ. ಅದು ನನ್ನ ಮನಸ್ಸಿನಲ್ಲಿದೆ.

ಡಾಕ್ಟ್ರು_ಲೆಸ್ಟರ್:

ನಾನು ದಾವಣಗೆರೆಯವನು. 1978ರಿಂದ ಇಂಗ್ಲೆಂಡಿನಲ್ಲಿ ಇದ್ದೇನೆ. ಇಲ್ಲಿ ಬೀದಿಗೊಂದು ಬೆಟ್ಟಿಂಗ್ ಅಂಗಡಿ. 1961ರ ಮೇ 1ರಿಂದ ಕಾನೂನುಬದ್ಧ. ಅದಕ್ಕೂ ಮುಂಚೆ ಪಬ್ಬಿನ ಮೂಲೆಯಲ್ಲಿ, ಕಾರ್ಖಾನೆ ಗೇಟಿನಲ್ಲಿ ಬುಕ್ಕಿಯ ಹುಡುಗರು ಕದ್ದು ಚೀಟಿ ತಗೋತಿದ್ದರಂತೆ. ಕಾನೂನು ಮಾಡಿದರೂ ಜನ ಅಲ್ಲಿ ಹಾಯಾಗಿ ಕೂರಬಾರದು ಅಂತ ಸರ್ಕಾರದ ಲೆಕ್ಕ. ಹೊರಗಿನಿಂದ ಒಳಗೆ ಕಾಣಬಾರದು. ಟಿವಿ ಇಲ್ಲ, ಟೀ ಇಲ್ಲ. 1986ರಲ್ಲಿ ಅದೆಲ್ಲ ಸಡಿಲವಾಯಿತು. ನಾನು ಮೊದಲು ಹೋದಾಗ ಬರೀ ಸಿಗರೇಟು ಹೊಗೆ, ಗೋಡೆಗೆ ಅಂಟಿಸಿದ ಪೇಪರಿನ ರೇಸ್ ಪುಟ, ಸ್ಪೀಕರಿನಲ್ಲಿ ಕಾಮೆಂಟರಿ.

1983ರಲ್ಲಿ ವಿಶ್ವಕಪ್ಪಿಗೆ ಮುಂಚೆ ಭಾರತಕ್ಕೆ 66-1 ಇತ್ತು. ಆಸ್ಪತ್ರೆಯಲ್ಲಿ ಎಲ್ಲರೂ ನಕ್ಕರು. ನನಗೆ ತಡೆಯಲಾಗಲಿಲ್ಲ, ಊಟದ ಬಿಡುವಿನಲ್ಲಿ ಹೋಗಿ ಎರಡು ಪೌಂಡ್ ಕಟ್ಟಿದೆ. ನಂಬಿಕೆಯಿಂದಲ್ಲ, ಟೀಮಿನಲ್ಲಿ ನಮ್ಮ ಕಿರ್ಮಾನಿ, ಬಿನ್ನಿ ಇದ್ದಾರೆ ಅನ್ನೋ ಅಭಿಮಾನಕ್ಕೆ. ಚೀಟಿ ನನ್ನ ಹೆಂಡತಿಯ ಕುಂಕುಮದ ಡಬ್ಬಿಯಲ್ಲಿತ್ತು. ಜಿಂಬಾಬ್ವೆ ಮೇಲೆ 17ಕ್ಕೆ 5 ಆದಾಗ ಮುಗೀತು ಅಂದುಕೊಂಡೆ. ಆಮೇಲೆ ಕಪಿಲ್ 175, ಒಂಬತ್ತನೇ ವಿಕೆಟಿಗೆ ಕಿರ್ಮಾನಿ ಜೊತೆ ಔಟಾಗದೆ 126. ಬಿನ್ನಿ ಆ ಕಪ್ಪಿನಲ್ಲಿ ಎಲ್ಲರಿಗಿಂತ ಜಾಸ್ತಿ, 18 ವಿಕೆಟ್.

ಸೋಮವಾರ ಅಂಗಡಿಗೆ ಹೋದರೆ ಕೌಂಟರಿನ ಹೆಂಗಸು ಎರಡು ಸಲ ಚೀಟಿ ನೋಡಿ 134 ಪೌಂಡ್ ಎಣಿಸಿ ಕೊಟ್ಟಳು. ತೆರಿಗೆಯನ್ನು ನಾನು ಕಟ್ಟುವಾಗಲೇ ಕೊಟ್ಟಿದ್ದೆ. ಅದರಲ್ಲಿ ದಾವಣಗೆರೆಗೆ ಟ್ರಂಕ್ ಕಾಲ್ ಮಾಡಿ ಅಪ್ಪನ ಹತ್ತಿರ ಇಪ್ಪತ್ತು ನಿಮಿಷ ಮಾತಾಡಿದೆ. ದುಡ್ಡು ಎಲ್ಲಿಂದ ಬಂತು ಅಂತ ಹೇಳಲಿಲ್ಲ. ಸುಧಾ ಅವರದ್ದು ಓದಿದ ಮೇಲೆ, ಆ ಅಂಗಡಿಯಲ್ಲಿ ದಿನಾ ನಿಂತಿರುತ್ತಿದ್ದ ಗಂಡಸರ ಮನೆಯವರು ನೆನಪಾಗುತ್ತಿದ್ದಾರೆ.

ತ್ಯಾಗರಾಜನಗರದವನು:

ಎಲ್ಲರಿಗೂ ನಮಸ್ಕಾರ. ಕಾರ್ಡುಗಳನ್ನು ಕೂತು ಎಣಿಸಿದೆ. 61 ಇವೆ. ಕೊನೆಯದರ ಹಿಂದೆ 14-7-79 ಅಂತ ತಾರೀಖು, ಅದರ ಕೆಳಗೆ ಎಲ್ಲವನ್ನೂ ಕೂಡಿಸಿ 1,340 ಅಂತ ಬರೆದು ಎರಡು ಗೆರೆ ಎಳೆದಿದ್ದಾರೆ. ರಾಯರು ಹೇಳಿದ್ದನ್ನೂ ಸುಧಾ ಅವರು ಬರೆದದ್ದನ್ನೂ ಅಜ್ಜಿಗೆ ಓದಿ ಹೇಳಿದೆ. ತುಂಬಾ ಹೊತ್ತು ಸುಮ್ಮನಿದ್ದು, "ಆ ಆಷಾಢದಲ್ಲಿ ನಿಮ್ಮಮ್ಮನಿಗೆ ಟೈಫಾಯ್ಡ್, ಔಷಧಿಗೆ ಇಟ್ಟ ದುಡ್ಡು ಅದು" ಅಂದರು. ಅದರ ಮೇಲೆ ತಾತ ರೇಸ್ ಕೋರ್ಸ್ ರಸ್ತೆಯಲ್ಲೇ ನಡೆಯಲಿಲ್ಲವಂತೆ, ಮೆಜೆಸ್ಟಿಕ್‌ಗೆ ಹೋಗಬೇಕಾದರೂ ಸುತ್ತಿಕೊಂಡು ಹೋಗುತ್ತಿದ್ದರಂತೆ.

ರಾಯರೇ, ಹನ್ನೆರಡು ಕಾರ್ಡುಗಳ ಬಣ್ಣ, ಅಚ್ಚು ಒಂದೇ ಥರ ಇದೆ. ಒಬ್ಬೊಬ್ಬ ಬುಕ್ಕಿಯದು ಒಂದೊಂದು ಬಣ್ಣ ಇರುತ್ತಿತ್ತಾ? ಫೋಟೋ ಹಾಕಿದರೆ ಯಾರ ಸ್ಟಾಲಿನದು ಅಂತ ನಿಮಗೆ ಗೊತ್ತಾಗುತ್ತಾ?