ಪ್ರಶ್ನೋತ್ತರ: ಮಂಜುಗಡ್ಡೆಯಡಿ ಸಾಗುವ ತಿಮಿಂಗಿಲಗಳನ್ನು ಎಣಿಸುವುದು ಹೇಗೆ?

ಪ್ರಶ್ನೆ: ಮೇಡಂ, ಅಲಾಸ್ಕಾದ ಇನುಪಿಯಾಟ್ ಬೇಟೆಗಾರರ ಮಾತು ಕೇಳಿ ವಿಜ್ಞಾನಿಗಳು ತಿಮಿಂಗಿಲ ಗಣತಿಯ ಕ್ರಮವನ್ನೇ ಬದಲಿಸಿದರಂತೆ. ಬದಲಾದದ್ದೇನು? ಪರಿಸರ ವಿಜ್ಞಾನದ ವಿದ್ಯಾರ್ಥಿ ನಾನು, ಸ್ವಲ್ಪ ಬಿಡಿಸಿ ಹೇಳಿ.

ಉತ್ತರ: ಬೋಹೆಡ್ ತಿಮಿಂಗಿಲಗಳು ಉಳಿದಿರುವುದು ಹೆಚ್ಚೆಂದರೆ ಎರಡು ಸಾವಿರ ಎಂಬ ಅಂದಾಜಿನ ಮೇಲೆ ಅಂತಾರಾಷ್ಟ್ರೀಯ ತಿಮಿಂಗಿಲ ಆಯೋಗ 1977ರಲ್ಲಿ ಇನುಪಿಯಾಟರ ಬೇಟೆಯನ್ನು ನಿಷೇಧಿಸಿತು. ಬೇಟೆ ನಾಯಕರು ಅದೇ ವರ್ಷ ತಮ್ಮದೇ ಆಯೋಗ ಕಟ್ಟಿಕೊಂಡು ವಾದಕ್ಕಿಳಿದರು. ಡಿಸೆಂಬರ್‌ನಲ್ಲಿ ನಿಷೇಧ ಸಡಿಲವಾಯಿತು. 1978ಕ್ಕೆ ಸಿಕ್ಕ ಕೋಟಾ: 12 ತಿಮಿಂಗಿಲ ಕೈಗೆ ಸಿಗುವವರೆಗೆ ಅಥವಾ 18ಕ್ಕೆ ಏಟು ಬೀಳುವವರೆಗೆ, ಯಾವುದು ಮೊದಲೋ ಅಲ್ಲಿಗೆ ನಿಲ್ಲಿಸಬೇಕು.

ಈಗ ಗಣತಿಗೆ ಬರೋಣ. ಏಪ್ರಿಲ್‌ನಿಂದ ಜೂನ್ ಆರಂಭದವರೆಗೆ ಬೋಹೆಡ್‌ಗಳು ಬೇರಿಂಗ್ ಸಮುದ್ರದಿಂದ ಹೊರಟು ಅಲಾಸ್ಕಾದ ಉತ್ತರ ತುದಿಯಾದ ಪಾಯಿಂಟ್ ಬ್ಯಾರೋ ದಾಟಿ ಬ್ಯೂಫೋರ್ಟ್ ಸಮುದ್ರಕ್ಕೆ ಹೋಗುತ್ತವೆ. ದಡಕ್ಕೆ ಕಚ್ಚಿಕೊಂಡ ಮಂಜುಗಡ್ಡೆಗೂ ಆಚೆ ತೇಲುವ ಮಂಜುಗಡ್ಡೆಗೂ ನಡುವೆ ಬಾಯಿಬಿಡುವ ನೀರಿನ ಸೀಳಿಗೆ ‘ಲೀಡ್’ ಎನ್ನುತ್ತಾರೆ. ಅದರ ಅಂಚಿನ ಮಂಜಿನ ದಿಬ್ಬ ಹತ್ತಿ, ಕಣ್ಣಿಗೆ ಬಿದ್ದವನ್ನು ಎಣಿಸುತ್ತಿದ್ದರು. ತಿಮಿಂಗಿಲಗಳು ಲೀಡ್ ಬಿಟ್ಟು ಹೋಗುವುದಿಲ್ಲ ಎಂಬುದು ಲೆಕ್ಕದ ಬುಡ. ಹ್ಯಾರಿ ಬ್ರೋವರ್ ಅವರಂಥ ಅನುಭವಿ ಬೇಟೆಗಾರರು ಇದನ್ನು ಒಪ್ಪಲಿಲ್ಲ. ಬೋಹೆಡ್‌ಗೆ ಮಂಜುಗಡ್ಡೆಯ ಭಯವಿಲ್ಲ, ಲೀಡ್‌ನಿಂದ ಬಹುದೂರದಲ್ಲೂ ಮಂಜಿನಡಿ ಸಾಗುತ್ತದೆ, ಉಸಿರು ಬೇಕಾದಾಗ ತಲೆಯಿಂದ ಗಡ್ಡೆಯನ್ನು ಮೇಲಕ್ಕೆ ಒತ್ತಿ ಒಡೆಯುತ್ತದೆ ಎಂದರು. ಉಮಿಯಾಕ್ ದೋಣಿಯ ಹುಟ್ಟನ್ನು ನೀರಿಗಿಳಿಸಿ, ಅದರ ಹಿಡಿಗೆ ಕಿವಿಗೊಟ್ಟು ತಿಮಿಂಗಿಲದ ಕೂಗು ಕೇಳುವವರು ಅವರು. ಉತ್ತರ ಅಲಾಸ್ಕಾದ ಸ್ಥಳೀಯ ಆಡಳಿತವಾದ ನಾರ್ತ್ ಸ್ಲೋಪ್ ಬರೋದಲ್ಲಿದ್ದ ಪಶುವೈದ್ಯ ಟಾಮ್ ಆಲ್ಬರ್ಟ್ ಆ ಮಾತನ್ನು ಪರೀಕ್ಷೆಗೆ ಒಡ್ಡಬಹುದಾದ ಹೇಳಿಕೆಯಾಗಿ ತೆಗೆದುಕೊಂಡರು. ಹಾಗೆ 1980ರ ದಶಕದಲ್ಲಿ ನೀರಿನೊಳಗೆ ಹೈಡ್ರೋಫೋನ್‌ಗಳು, ಅಂದರೆ ನೀರಿನಡಿಯ ಸದ್ದು ಹಿಡಿಯುವ ಮೈಕ್‌ಗಳು, ಇಳಿದವು. ಲೀಡ್ ಮುಚ್ಚಿದ್ದಾಗಲೂ ಕೂಗು ಕೇಳುತ್ತಲೇ ಇತ್ತು.

ಮರುಪ್ರಶ್ನೆ: ಒಂದೇ ತಿಮಿಂಗಿಲ ಹತ್ತು ಸಲ ಕೂಗಿದರೆ ಲೆಕ್ಕ ತಪ್ಪುವುದಿಲ್ಲವೇ?

ಉತ್ತರ: ಕೂಗುಗಳನ್ನೇ ತಲೆಲೆಕ್ಕವಾಗಿ ಹಿಡಿದರೆ ಖಂಡಿತ ತಪ್ಪುತ್ತದೆ. ಕೂಗಿನಿಂದ ಬೇಕಿರುವುದು ಜಾಗ. ಮಂಜಿನ ಅಂಚಿನುದ್ದಕ್ಕೂ ಕನಿಷ್ಠ ಮೂರು ಹೈಡ್ರೋಫೋನ್ ಇಳಿಬಿಡುತ್ತಾರೆ. ಅಷ್ಟು ತಣ್ಣನೆಯ ಸಮುದ್ರದಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,440 ಮೀಟರ್. ಎರಡು ಹೈಡ್ರೋಫೋನ್ 1 ಕಿ.ಮೀ. ಅಂತರದಲ್ಲಿದ್ದರೆ ಕೂಗು ತಲುಪುವ ವೇಳೆಯ ವ್ಯತ್ಯಾಸ 0.7 ಸೆಕೆಂಡ್ ದಾಟುವಂತಿಲ್ಲ. ದಾಟಿದರೆ ನೀವು ಎರಡು ಬೇರೆ ಕೂಗುಗಳನ್ನು ಜೋಡಿ ಮಾಡಿದ್ದೀರಿ ಎಂದರ್ಥ. ಸಾಲಿನ ಎದುರಿಗಿರುವ ತಿಮಿಂಗಿಲದ ಜಾಗ ಚೆನ್ನಾಗಿ ಸಿಗುತ್ತದೆ, ಸಾಲಿನ ಎರಡು ತುದಿಗಳ ದಿಕ್ಕಿನಲ್ಲಿರುವುದರ ದೂರ ಬಹಳ ಏರುಪೇರಾಗುತ್ತದೆ. ವಸಂತದಲ್ಲಿ ಗಡ್ಡದ ಸೀಲ್‌ಗಳ ಉದ್ದನೆಯ ರಾಗ, ಮಂಜುಗಡ್ಡೆ ಉಜ್ಜುವ ಸದ್ದು ಇವೂ ಕೂಗನ್ನು ಮುಚ್ಚಿಹಾಕುತ್ತವೆ. ಜಾಗ ಸಿಕ್ಕ ಮೇಲೆ, ವಲಸೆಯ ವೇಗಕ್ಕೆ ಹೊಂದುವ ಕೂಗುಗಳನ್ನು ಒಂದೇ ಜಾಡಿಗೆ ಸೇರಿಸುತ್ತಾರೆ; ಹಾಗಾಗಿ ಒಂದೇ ತಿಮಿಂಗಿಲದ ಹತ್ತು ಕೂಗು ಹತ್ತು ತಿಮಿಂಗಿಲವಾಗುವುದಿಲ್ಲ.

ಇನ್ನು ಕಣ್ಣಿನ ಎಣಿಕೆ. ಎರಡು ತಂಡ ಒಂದಕ್ಕೊಂದು ಸುಳಿವು ಕೊಡದೆ ನೋಡಬೇಕು. ಕಾಲ್ಪನಿಕ ಲೆಕ್ಕ ಹೇಳುತ್ತೇನೆ: ಮೊದಲ ತಂಡಕ್ಕೆ 40, ಎರಡನೆಯದಕ್ಕೆ 36, ಇಬ್ಬರಿಗೂ ಕಂಡವು 30. 40 × 36 ÷ 30 = 48, ಇದು ಎರಡೂ ತಂಡಗಳ ಕಣ್ಣು ತಪ್ಪಿಸಿಕೊಂಡವನ್ನೂ ಸೇರಿಸಿದ ಅಂದಾಜು. ಇಂಥ ತಿದ್ದುಪಡಿಯಿಂದ ದಿಬ್ಬದಿಂದ 4 ಕಿ.ಮೀ. ಒಳಗೆ ಹಾದುಹೋದವುಗಳ ಸಂಖ್ಯೆ ಸಿಗುತ್ತದೆ. ಋತುವಿಡೀ ಅದು 3,000 ಆಗಿ, ಹೈಡ್ರೋಫೋನ್ ಪ್ರಕಾರ ನಾಲ್ಕರಲ್ಲಿ ಮೂರು ಪಾಲು ಮಾತ್ರ ಆ 4 ಕಿ.ಮೀ. ಒಳಗೆ ಸಾಗಿದ್ದರೆ, ಒಟ್ಟು 4,000. ಈ ಪಾಲು ಮಂಜಿನ ಸ್ಥಿತಿಯಂತೆ ವರ್ಷವರ್ಷಕ್ಕೂ ಬದಲಾಗುತ್ತದೆ, ಕಳೆದ ಸಲದ್ದನ್ನು ಈ ಸಲಕ್ಕೆ ಹಾಕಬಾರದು.

ಬೋಹೆಡ್‌ಗಳ ಅಂದಾಜು ಸಂಖ್ಯೆ 1993ರಲ್ಲಿ ಸುಮಾರು 8,000, 2001ರಲ್ಲಿ 10,000ಕ್ಕೂ ಹೆಚ್ಚು, 2011ರಲ್ಲಿ ಹತ್ತಿರ ಹತ್ತಿರ 17,000. ಏರಿಕೆಯೆಲ್ಲ ಎಣಿಕೆ ತಿದ್ದಿದ್ದರಿಂದ ಬಂದದ್ದಲ್ಲ. ಸಂತತಿಯೂ 1978ರಿಂದ 2001ರವರೆಗೆ ವರ್ಷಕ್ಕೆ ಸುಮಾರು ಶೇ. 3.4ರಂತೆ ಬೆಳೆದಿದೆ.

ಇನ್ನೊಬ್ಬರ ಪ್ರಶ್ನೆ: ಹಾಗಾದರೆ ಹಿಮಕರಡಿ ವಿಷಯದಲ್ಲೂ ಊರವರ ಮಾತೇ ಸಾಕಲ್ಲವೇ? ಗಣತಿ ಏಕೆ?

ಉತ್ತರ: ಸಾಲದು ಸರ್. ಕೆನಡಾದ ಪಶ್ಚಿಮ ಹಡ್ಸನ್ ಕೊಲ್ಲಿಯಲ್ಲಿ ವಿಮಾನ ಸಮೀಕ್ಷೆಯ ಅಂದಾಜು 2016ರಲ್ಲಿ 842 ಇದ್ದದ್ದು 2021ರಲ್ಲಿ 618ಕ್ಕೆ ಇಳಿಯಿತು. ಅದೇ ಕರಾವಳಿಯ ಮೂಲನಿವಾಸಿ ಇನ್ಯೂಟ್ ಊರುಗಳವರು ಕರಡಿ ಹೆಚ್ಚಾಗಿವೆ, ಮಕ್ಕಳನ್ನು ಹೊರಗೆ ಬಿಡಲು ಭಯ ಎನ್ನುತ್ತಾರೆ. ಇವರ ಮಾತನ್ನು ತಳ್ಳಿಹಾಕುವುದೂ ತಪ್ಪು, ಅದನ್ನೇ ಇಡೀ ಸಂತತಿಯ ಲೆಕ್ಕವೆಂದು ಓದುವುದೂ ತಪ್ಪು. ಸಮುದ್ರ ತಡವಾಗಿ ಹೆಪ್ಪುಗಟ್ಟಿದರೆ ಕರಡಿಗಳು ದಡದಲ್ಲೇ ಹೆಚ್ಚು ದಿನ ಉಳಿಯುತ್ತವೆ. ಒಟ್ಟು ಸಂಖ್ಯೆ ಇಳಿದಾಗಲೂ ಊರ ಬಳಿಯ ಕಾಟ ಏರಬಹುದು.

ನೀವು ಸಂದರ್ಶನ ಮಾಡುವುದಾದರೆ ‘ಹೆಚ್ಚಾಗಿದೆಯೇ?’ ಎಂದು ಕೇಳಬೇಡಿ. ಯಾವ ಜಾಗ, ಯಾವ ತಿಂಗಳು, ಮಂಜು ಹೇಗಿತ್ತು, ಕರಡಿ ಬಡಕಲಾಗಿತ್ತೇ ಕೊಬ್ಬಿತ್ತೇ, ಜೊತೆಗೆ ಮರಿಗಳೆಷ್ಟು, ಎಷ್ಟು ವರ್ಷದಿಂದ ಹೀಗೆ ಎಂದು ಕೇಳಿ, ನಕ್ಷೆಯ ಮೇಲೆ ಅವರ ಕೈಯಲ್ಲೇ ಗುರುತು ಹಾಕಿಸಿ. ಬರೆದದ್ದನ್ನು ವರದಿ ಕಳಿಸುವ ಮೊದಲು ಅವರಿಗೆ ಓದಿ ತೋರಿಸಿ ತಿದ್ದಿಸಿ. ಕೆನಡಾದ ಉತ್ತರದ ನುನಾವುಟ್ ಪ್ರಾಂತ್ಯದ ವನ್ಯಜೀವಿ ನಿರ್ವಹಣಾ ಮಂಡಳಿ ಬೇಟೆಯ ಮಿತಿ ತೀರ್ಮಾನಿಸುವಾಗ ಸಮೀಕ್ಷೆಯನ್ನೂ ಇನ್ಯೂಟ್ ಜ್ಞಾನವನ್ನೂ ಒಟ್ಟಿಗೆ ಮುಂದಿಟ್ಟುಕೊಳ್ಳುತ್ತದೆ. ಜಾಗ, ತಿಂಗಳು ಇಲ್ಲದ ಹೇಳಿಕೆಯನ್ನು ಸಮೀಕ್ಷೆಯ ಪಕ್ಕ ಇಟ್ಟು ಹೋಲಿಸಲು ಆಗುವುದಿಲ್ಲ.