ಶಾಂತಿ ಕಟ್ಟೋ ತರಬೇತಿ ತಗೊಂಡ್ರ ಕೀನ್ಯಾ, ದಕ್ಷಿಣ ಸುಡಾನ್ ಕಡೆ ಖರೇನ ಉಪಯೋಗಕ್ಕ ಬರ್ತೈತೇನ್ರಿ?

ಕೊಪ್ಪಳದಾಕಿ:

ನಮಸ್ಕಾರ್ರಿ ಎಲ್ಲಾರಿಗೂ. ಧಾರವಾಡದಾಗ ಎಂಎಸ್‌ಡಬ್ಲ್ಯೂ ಮುಗಿಸಿ, ಈಗ ಕೊಪ್ಪಳ ಜಿಲ್ಲಾದಾಗ ಸ್ವಸಹಾಯ ಸಂಘದ ಹೆಣ್ಣುಮಕ್ಕಳ ಜೋಡಿ ಕೆಲಸ ಮಾಡ್ತೀನಿ. ಸಾಲದ ಜಗಳ, ಓಣಿ ಜಗಳ, ನೀರಿನ ಜಗಳ. ಎರಡೂ ಕಡೆಯವರನ್ನ ಕೂಡಿಸಿ ಮಾತಾಡ್ಸೂದು ದಿನಾ ಇದ್ದದ್ದ. ಇದನ್ನ ಸರಿಯಾಗಿ ಕಲೀಬೇಕು, ಉತ್ತರ ಕೀನ್ಯಾ, ದಕ್ಷಿಣ ಸುಡಾನ್‌ನಂಥ ಕಡೆ ಹೋಗಿ ಕೆಲಸ ಮಾಡಬೇಕು ಅನ್ನೋ ಆಸೆ ಬಾಳ ದಿನದ್ದು. ಉಗಾಂಡಾ ದೇಶದ ಕಂಪಾಲಾದ ಮಕೆರೆರೆ ವಿಶ್ವವಿದ್ಯಾಲಯದಾಗ ರೋಟರಿಯವರ ಶಾಂತಿ ಕೋರ್ಸ್ ಐತಿ, ಕೋಸ್ಟರಿಕಾದಾಗ ವಿಶ್ವಸಂಸ್ಥೆ 1980ರಾಗ ಹುಟ್ಟುಹಾಕಿದ ಶಾಂತಿ ವಿಶ್ವವಿದ್ಯಾಲಯನ ಐತಿ ಅಂತ ಓದೇನಿ.

ಇಂಥ ಕೋರ್ಸಿನಾಗ ಏನು ಕಲಿಸ್ತಾರ? ಅದಕ್ಕಿಂತ ದೊಡ್ಡ ಪ್ರಶ್ನೆ: ಹೊರಗಿಂದ ಹೋದ ನನ್ನಂಥಾಕಿ ಮಾತು ಅಲ್ಲಿಯ ಮಂದಿ ಯಾಕ ಕೇಳಬೇಕು? ಅಲ್ಲಿ ಇದ್ದು ಬಂದವರು ಯಾರಾದ್ರೂ ಇದ್ರ ಹೇಳ್ರಿ.

ಚಳ್ಳಕೆರೆ ಬೋರ್‌ವೆಲ್:

ನಿಮ್ಮ ಎರಡನೇ ಪ್ರಶ್ನೆಯಿಂದಲೇ ಶುರು ಮಾಡ್ತೀನಿ, ಮೊದಲನೆಯದಕ್ಕೆ ಉತ್ತರ ಅದರಲ್ಲೇ ಇದೆ. ಅವರು ನಮ್ಮ ಮಾತು ಕೇಳಬೇಕಾಗಿಲ್ಲ. ಮಾತಾಡೋದು ಅವರೇ, ರಾಜಿ ಆಗೋದೂ ಅವರೇ. ಆ ಮಾತುಕತೆ ಮುರಿಯದ ಹಾಗೆ ನೋಡಿಕೊಳ್ಳೋದಕ್ಕೆ ಬೇಕಾದ ಕೆಲಸ ನಮ್ಮದು.

ನಾನು ನೀರಿನ ಕೆಲಸದವನು. ಕೊಳವೆಬಾವಿ, ಪಂಪು, ಪೈಪ್‌ಲೈನು. ಕೀನ್ಯಾದ ಈಶಾನ್ಯಕ್ಕೆ, ಸೊಮಾಲಿಯಾ ಮತ್ತು ಇಥಿಯೋಪಿಯಾ ಗಡಿಗೆ ತಾಗಿಕೊಂಡು ವಜೀರ್ ಅನ್ನೋ ಪ್ರದೇಶ ಇದೆ. ವಿಸ್ತೀರ್ಣ ಸುಮಾರು 56 ಸಾವಿರ ಚದರ ಕಿ.ಮೀ., ಅಂದ್ರೆ ನಮ್ಮ ರಾಜ್ಯದ ಕಾಲುಭಾಗಕ್ಕಿಂತ ದೊಡ್ಡದು. ಬಹುಪಾಲು ಸೊಮಾಲಿ ಜನ, ಒಂಟೆ ಸಾಕಣೆ. ಅಲ್ಲಿನ ಒಂದು ನೀರಿನ ಯೋಜನೆಯಲ್ಲಿ ಕೆಲಸ ಮಾಡಿದ್ದೆ. ಎರಡು ಕುಲಗಳ ಮೇವಿನ ಎಲ್ಲೆ ಮೇಲೆ ಒಂದು ಬೋರ್ ಕೊರೆದರೆ ಅಲ್ಲೊಂದು ಹಟ್ಟಿ ಏಳುತ್ತೆ. ಹಟ್ಟಿ ಎದ್ದರೆ ಅಂಗಡಿ, ಶಾಲೆ, ಆಮೇಲೆ ಆ ಜಾಗದ ಆಡಳಿತ ನೋಡೋ ಸರ್ಕಾರದ 'ಚೀಫ್' ಹುದ್ದೆ, ಅದರ ಹಿಂದೆ ಮತಗಟ್ಟೆ. ಈ ಜಾಗ ನಮ್ಮದು ಅಂತ ಯಾವ ಕುಲ ಹೇಳುತ್ತೋ ಅದಕ್ಕೆ ಅಲ್ಲಿಂದ ದಾಖಲೆ ಹುಟ್ಟಿಕೊಳ್ಳುತ್ತೆ. ರಿಗ್ ಲಾರಿ ಬಂದು ನಿಂತ ದಿನವೇ ಬಂದೂಕು ಹೊರಗೆ ಬಂದ ಉದಾಹರಣೆಗಳಿವೆ. ಅದಕ್ಕೇ ನಮ್ಮಂಥ ಎಂಜಿನಿಯರ್‌ಗಳನ್ನೂ ನೈರೋಬಿಯಲ್ಲಿ ತರಬೇತಿಗೆ ಕೂರಿಸಿದ್ರು.

ಅಲ್ಲಿ ಕಲಿಸಿದ್ದರಲ್ಲಿ ಸಂಘರ್ಷದ ನಕ್ಷೆ ಬರೆಯೋದು ಒಂದು. ದೊಡ್ಡ ಹಾಳೆ ಮೇಲೆ ಒಂದೊಂದು ಪಕ್ಷಕ್ಕೆ ಒಂದೊಂದು ವೃತ್ತ, ಯಾರಿಗೆ ಯಾರ ನಂಟು, ಯಾರ ನಡುವೆ ಮಾತು ನಿಂತಿದೆ, ಆಯುಧಕ್ಕೆ ದುಡ್ಡು ಎಲ್ಲಿಂದ ಬರುತ್ತೆ, ಎಲ್ಲದಕ್ಕೂ ಗೆರೆ. ಹಾಳೆಯಲ್ಲಿ ನಿಮ್ಮ ಸಂಸ್ಥೆಯನ್ನೂ ಬರೀಲೇಬೇಕು. ದುಡ್ಡು, ಜೀಪು, ಕೆಲಸ ಇಟ್ಟುಕೊಂಡು ಬಂದವರು ಜಗಳದ ಹೊರಗೆ ನಿಂತಿರೋದಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಕಾಲರೇಖೆ. ಎರಡೂ ಗುಂಪಿನವರು ಬೇರೆ ಬೇರೆ ಕೂತು, ತಮಗೆ ನೆನಪಿರೋ ಘಟನೆಗಳನ್ನ ಇಸವಿ ಪ್ರಕಾರ ಬರೀತಾರೆ. ಆಮೇಲೆ ಎರಡನ್ನೂ ಪಕ್ಕಪಕ್ಕ ಗೋಡೆಗೆ ಅಂಟಿಸ್ತಾರೆ. ಒಬ್ಬರ ಹಾಳೆಯಲ್ಲಿ ದೊಡ್ಡದಾಗಿರೋದು ಇನ್ನೊಬ್ಬರದರಲ್ಲಿ ಇರೋದೇ ಇಲ್ಲ. ವಜೀರಿನ ದೆಗೋಡಿಯಾ ಕುಲದ ಹಿರಿಯರ ಮುಂದೆ ಇದನ್ನ ಮಾಡಿದ್ರೆ 1984ರ ಫೆಬ್ರವರಿ ಬಂದೇ ಬರುತ್ತೆ. ಆಯುಧ ಒಪ್ಪಿಸಿ ಅಂತ ಸರ್ಕಾರದ ಪಡೆಗಳು ಆ ಕುಲದ ಗಂಡಸರನ್ನ ವಗಾಲಾ ಏರ್‌ಸ್ಟ್ರಿಪ್‌ಗೆ ಒಯ್ದು, ಅನ್ನ ನೀರಿಲ್ಲದೆ ದಿನಗಟ್ಟಲೆ ಬಿಸಿಲಿಗೆ ಹಾಕಿ ಕೊಂದವು. ಸತ್ತವರೆಷ್ಟು ಅನ್ನೋದರಲ್ಲಿ ಇವತ್ತಿಗೂ ಒಮ್ಮತ ಇಲ್ಲ. 'ಜನ ಪೊಲೀಸರಿಗೆ ಯಾಕೆ ಸುಳಿವು ಕೊಡಲ್ಲ' ಅಂತ ಹೊಸದಾಗಿ ಬಂದ ಅಧಿಕಾರಿ ಕೇಳ್ತಾನೆ. ಆ ಹಾಳೆ ಓದಿದವನು ಕೇಳಲ್ಲ.

ಈಗ ಅಸಲು ವಿಷಯ. ಈ ತರಬೇತಿ ಯಾವುದೂ ಇಲ್ಲದೆ ವಜೀರಿನ ಹೆಂಗಸರು ಕೆಲಸ ಶುರು ಮಾಡಿದ್ರು. 1992ರ ಚುನಾವಣೆ, ಬರಗಾಲ, ಪಕ್ಕದ ಸೊಮಾಲಿಯಾ ಕುಸಿದು ಗಡಿ ದಾಟಿ ಬಂದ ಬಂದೂಕು, ಎಲ್ಲ ಒಂದೇ ಹೊತ್ತಿಗೆ. ದೆಗೋಡಿಯಾ, ಅಜುರಾನ್, ಒಗಾಡೆನ್ ಕುಲಗಳ ನಡುವೆ ಹತ್ಯೆ. ಸಂತೆಯಲ್ಲಿ ಬೇರೆ ಕುಲದವಳ ಹತ್ತಿರ ಹಾಲು ಕೊಳ್ಳದ ಸ್ಥಿತಿ. ದೇಖಾ ಇಬ್ರಾಹಿಂ ಅಬ್ದಿ ಅಂತ ಅದೇ ಊರಿನ ಮೇಷ್ಟ್ರಮ್ಮ. ಒಂದು ರಾತ್ರಿ ಗುಂಡಿನ ಸದ್ದಿಗೆ ಮಗಳನ್ನ ಮಂಚದ ಕೆಳಗೆ ಮಲಗಿಸಿದ್ರಂತೆ. ಬೆಳಗ್ಗೆ ಅವರಮ್ಮ, 60ರ ದಶಕದಲ್ಲಿ ನಿನ್ನನ್ನೂ ನಾನು ಹೀಗೇ ಅಡಗಿಸಿದ್ದೆ ಅಂದ್ರಂತೆ. ಆಕೆ ಮತ್ತು ಬೇರೆ ಬೇರೆ ಕುಲದ ಗೆಳತಿಯರು ಮೊದಲು ಹಿಡಿದದ್ದು ಸಂತೆಯನ್ನ: ಯಾವ ಕುಲದವಳೂ ಯಾರಿಗೂ ಮಾರಬಹುದು, ಯಾರಿಂದಲೂ ಕೊಳ್ಳಬಹುದು, ತಡೆದವರನ್ನ ಹೆಂಗಸರ ಸಮಿತಿಯೇ ವಿಚಾರಿಸುತ್ತೆ. ಆಮೇಲೆ ಹಿರಿಯರ ಬಳಿ ಹೋದ್ರು. 1993ರಲ್ಲಿ ಅಲ್ ಫತಾ ಒಪ್ಪಂದ ಆಯ್ತು. ಎಲ್ಲಾದರೂ ಕೊಲೆಯೋ ದನಗಳ ದರೋಡೆಯೋ ಆದರೆ ಹಿರಿಯರು, ಧರ್ಮಗುರುಗಳು, ಹೆಂಗಸರು, ಅಧಿಕಾರಿಗಳು ಒಟ್ಟಿಗೇ ತಕ್ಷಣ ಅಲ್ಲಿಗೆ ಹೋಗೋದು, ಸೇಡಿನ ಗುಂಪು ಹೊರಡೋ ಮುಂಚೆ. 1995ರಲ್ಲಿ ಇದನ್ನ ಜಿಲ್ಲಾಡಳಿತದ ಒಳಗೇ ತಂದು ವಜೀರ್ ಶಾಂತಿ ಮತ್ತು ಅಭಿವೃದ್ಧಿ ಸಮಿತಿ ಮಾಡಿದ್ರು. ಕೀನ್ಯಾದ ಬೇರೆ ಜಿಲ್ಲೆಗಳ ಶಾಂತಿ ಸಮಿತಿಗಳಿಗೆ ಇದೇ ಮಾದರಿ. ದೇಖಾ ಅವರು ತರಬೇತಿ ಕೊಡೋಕೆ ಶುರು ಮಾಡಿದ್ದು ಇಷ್ಟೆಲ್ಲ ಮಾಡಿದ ಮೇಲೆ. 2007ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು, 2011ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡ್ರು.

ಹಾಗಂತ ತರಬೇತಿ ಬೇಡ ಅಂತಲ್ಲ. ಆ ಹೆಂಗಸರು ಕೈಯಾರೆ ಮಾಡಿದ್ದನ್ನೇ ಇವತ್ತು ಒಳ್ಳೆಯ ಕೋರ್ಸುಗಳು ಪಾಠವಾಗಿ ಕಲಿಸ್ತವೆ. ಕೆಟ್ಟ ಕೋರ್ಸುಗಳು ಹೋಟೆಲ್ ಹಾಲ್‌ನಲ್ಲಿ ಸ್ಲೈಡ್ ತೋರಿಸಿ, ಬಂದವರಿಗೆಲ್ಲ ದಿನಭತ್ಯೆ ಹಂಚಿ ಮುಗಿಸ್ತವೆ. ಈ ಭತ್ಯೆ ಅನ್ನೋದು ಶಾಂತಿ ಸಮಿತಿಗಳನ್ನ ಎಷ್ಟು ಹಾಳು ಮಾಡಿದೆ ಅಂದ್ರೆ, ದುಡ್ಡಿಲ್ಲದಿದ್ದರೆ ಸಭೆಯೇ ಇಲ್ಲ ಅನ್ನೋ ಕಡೆಗಳಿವೆ. ನನಗೆ ಇದರ ಮೇಲೆ ಬಹಳ ಸಿಟ್ಟಿದೆ.

ಮಡಿಕೇರಿ ಮಾಜಿ ಸೈನಿಕ:

ಬೋರ್‌ವೆಲ್ ಅವರು ಹೇಳಿದ್ದು ಸರಿ. ನಾನು ವಿಶ್ವಸಂಸ್ಥೆಯ ನೀಲಿ ಟೋಪಿಯಲ್ಲಿ ದಕ್ಷಿಣ ಸುಡಾನಿನಲ್ಲಿ ಇದ್ದವನು. ಸೈನ್ಯದವರಿಗೆ ದೆಹಲಿಯಲ್ಲೇ 2000ದಿಂದ ಶಾಂತಿಪಾಲನಾ ತರಬೇತಿ ಕೇಂದ್ರ ಇದೆ. ಆದರೆ ಗುಂಡು ನಿಲ್ಲಿಸುವಷ್ಟೇ ನಮ್ಮ ಕೈಲಿ ಆಗುತ್ತಿತ್ತು. ದನಗಾಹಿಗಳು ಬೇಸಿಗೆಯಲ್ಲಿ ಯಾವ ದಾರಿಯಲ್ಲಿ ಬರಬೇಕು, ಬೆಳೆ ತಿಂದರೆ ಪರಿಹಾರ ಎಷ್ಟು ಎಂಬುದನ್ನು ಕೂತು ಇತ್ಯರ್ಥ ಮಾಡುವ ಸಿವಿಲ್ ಅಫೇರ್ಸ್‌ನವರು ಬೇರೆ. ತಂಗಿ, ನಿಮಗೆ ಹೊಂದುವುದು ಆ ಕೆಲಸ.

ನಮ್ಮ ಜನರಲ್ ತಿಮ್ಮಯ್ಯನವರನ್ನು ನೆನೆಯದೆ ಇರಲಾರೆ. 1953ರಲ್ಲಿ ಕೊರಿಯಾದಲ್ಲಿ, ತಮ್ಮ ದೇಶಕ್ಕೆ ಹಿಂದಿರುಗಲು ಒಪ್ಪದ 22 ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳ ಪ್ರಶ್ನೆ ಬಗೆಹರಿಸುವ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅವರೇ ಅಧ್ಯಕ್ಷರು. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್ಮನ್ ರೀ ಭಾರತದ ಸೈನಿಕರು ತನ್ನ ನೆಲ ತುಳಿಯಬಾರದೆಂದು ಹಟ ಹಿಡಿದ. ಹಡಗಿನಿಂದ ನೇರ ಹೆಲಿಕಾಪ್ಟರಿನಲ್ಲಿ ನಿಸ್ಸೈನಿಕ ವಲಯಕ್ಕೆ ಅವರನ್ನು ಒಯ್ಯಬೇಕಾಯಿತು. ಎರಡೂ ಕಡೆಯವರೂ ಅವರನ್ನು ಅನುಮಾನದಿಂದ ನೋಡಿದರು. ಆದರೂ ಕೆಲಸ ನಡೆಯಿತು. ಆಮೇಲೆ ಸೈಪ್ರಸ್ಸಿನಲ್ಲಿ ವಿಶ್ವಸಂಸ್ಥೆಯ ಪಡೆ ನಡೆಸುತ್ತಿದ್ದಾಗಲೇ 1965ರ ಡಿಸೆಂಬರಿನಲ್ಲಿ ತೀರಿಕೊಂಡರು. ಮಡಿಕೇರಿಗೆ ಬಂದರೆ ಅವರ ಮನೆ 'ಸನ್ನಿಸೈಡ್' ನೋಡಿ, ಈಗ ವಸ್ತುಸಂಗ್ರಹಾಲಯ.

ಕೊಪ್ಪಳದಾಕಿ:

ಇಬ್ಬರಿಗೂ ಬಾಳ ಥ್ಯಾಂಕ್ಸ್‌ರಿ. ಬೋರ್‌ವೆಲ್ ಸರ್, ಇನ್ನೊಂದು ಕೇಳ್ಲಿ? ಶುರು ಮಾಡಿದವರು ಹೆಣ್ಣುಮಕ್ಕಳು ಅಂದ್ರಿ. ಮುಂದ ಹಿರಿಯರು ಕೂತು ಒಪ್ಪಂದ ಬರಿಯೂವಾಗ ಅವರಿಗೆ ಜಾಗ ಸಿಕ್ತೇನ್ರಿ? ನಮ್ಮ ಕಡೆ ಪಂಚರು ಕೂತರಂದ್ರ ಹೆಣ್ಣುಮಕ್ಕಳು ಚಾ ಕೊಡಾಕ ಅಷ್ಟ.

ಚಳ್ಳಕೆರೆ ಬೋರ್‌ವೆಲ್:

ಇದನ್ನ ಕೇಳಿದ್ದು ಒಳ್ಳೇದಾಯ್ತು. ಸಮಿತಿಯಲ್ಲಿ ಸಿಕ್ತು, ಕುಲದ ಹಿರಿಯರ ಕೂಟದಲ್ಲಿ ಅಷ್ಟಾಗಿ ಇಲ್ಲ. ಅದು ಒಪ್ಪಂದಗಳಲ್ಲೇ ಕಾಣುತ್ತೆ. ಉತ್ತರ ಕೀನ್ಯಾದ ಜಿಲ್ಲೆಗಳು ಸೇರಿ 2001ರಲ್ಲಿ ಮಾಡಿಕೊಂಡ ಮೊದೊಗಾಶೆ ಘೋಷಣೆ ಪ್ರಕಾರ, ಗಂಡಸಿನ ಕೊಲೆಗೆ 100 ಹಸು ಅಥವಾ ಒಂಟೆ ಪರಿಹಾರ, ಹೆಂಗಸಿಗೆ 50. ಸೇಡಿನ ಸರಣಿ ನಿಲ್ಲಿಸೋಕೆ ಈ ಪರಿಹಾರದ ಪದ್ಧತಿ ನಿಜಕ್ಕೂ ನೆರವಾಗಿದೆ, ಕೋರ್ಟು ನೂರಾರು ಮೈಲಿ ದೂರ ಇರೋ ಕಡೆ ಬೇರೆ ಏನಿದೆ? ಆದರೂ ಆ 50 ನನಗೆ ನುಂಗಲಾರದ ತುತ್ತು. ಅಲ್ಲಿನ ಹೆಂಗಸರಿಗೂ ಹಾಗೇ. ನೀವು ಹೋದ ಮೇಲೆ ಆ ಪ್ರಶ್ನೆ ಎತ್ತಬೇಕಾದವರು ಅವರೇ. ಅವರಿಗೆ ಕೂರೋಕೆ ಜಾಗ, ಓಡಾಡೋಕೆ ಗಾಡಿ, ಮಗು ನೋಡಿಕೊಳ್ಳೋರು, ಆ ದಿನದ ಸಂತೆ ವ್ಯಾಪಾರ ಬಿಟ್ಟು ಬರೋ ಅನುಕೂಲ, ಇಷ್ಟು ಮಾಡಿಕೊಡೋದು ನಿಮ್ಮಿಂದ ಆಗುತ್ತೆ.

ಕೋರ್ಸಿನ ವಿಚಾರ. ಮಕೆರೆರೆಯದು ಅನುಭವ ಇರೋರಿಗೆ, ಕನಿಷ್ಠ ಐದು ವರ್ಷದ ಕೆಲಸ ಕೇಳ್ತಾರೆ. ಆಯ್ಕೆಯಾದರೆ ಶುಲ್ಕ, ಊಟ-ವಸತಿ, ಪ್ರಯಾಣ ಎಲ್ಲ ಅವರದೇ. ಸುತ್ತಮುತ್ತಲ ದೇಶಗಳಲ್ಲಿ ಇದೇ ಕೆಲಸ ಮಾಡಿದವರ ಪಕ್ಕ ಕೂರ್ತೀರಿ, ನನ್ನ ಲೆಕ್ಕದಲ್ಲಿ ಅದೇ ದೊಡ್ಡ ಪಾಠ. ಅನುಭವ ಸಾಲದಿದ್ದರೆ ಫಿಲಿಪೀನ್ಸ್‌ನ ದಾವಾವ್‌ನಲ್ಲಿ ಮಿಂಡನಾವೊ ಪೀಸ್‌ಬಿಲ್ಡಿಂಗ್ ಇನ್‌ಸ್ಟಿಟ್ಯೂಟ್ 2000ದಿಂದ ಕೆಲವೇ ವಾರಗಳ ಕೋರ್ಸ್ ನಡೆಸ್ತಿದೆ. ಅಲ್ಲಿನವರೂ ಸಂಘರ್ಷದ ನಡುವೆ ಬದುಕಿದವರೇ. ಕೋಸ್ಟರಿಕಾ ಸದ್ಯಕ್ಕೆ ಬೇಡ ಅಂತೀನಿ, ದುಬಾರಿ. ಸ್ವಾಹಿಲಿ ಇವತ್ತೇ ಶುರು ಮಾಡಿ, ದಕ್ಷಿಣ ಸುಡಾನಿನ ರಾಜಧಾನಿ ಜೂಬಾ ಕಡೆ ಹೋಗೋದಾದ್ರೆ ಅರಬ್ಬಿ. ದುಭಾಷಿ ಯಾವ ಕುಲದವನು ಅನ್ನೋದೂ ಅಲ್ಲಿ ಒಂದು ರಾಜಕೀಯ.

ಕೊಪ್ಪಳದ ಕೆಲಸ ಸಣ್ಣದು ಅಂದ್ಕೋಬೇಡಿ. ನಿಮ್ಮ ಕಡೆ ಕುರಿಗಾರರು ಹೊಲದಲ್ಲಿ ಮಂದೆ ತರುಬೋಕೆ ರೈತರ ಜೊತೆ ಮಾತಾಡಿಕೊಳ್ತಾರಲ್ಲ, ಎಷ್ಟು ರಾತ್ರಿ, ಬದಲಿಗೆ ಕಾಳೋ ದುಡ್ಡೋ, ಪಕ್ಕದ ಹೊಲ ಮೇಯ್ದರೆ ಹೊಣೆ ಯಾರದು. ದಕ್ಷಿಣ ಸುಡಾನಿನ ದನಗಾಹಿ-ರೈತರ ಸಭೆಗಳಲ್ಲೂ ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಅಂಥದೊಂದು ಜಗಳ ನೀವು ಕೂತು ಬಗೆಹರಿಸಿದ್ದನ್ನ ಹೆಸರು ಬಿಟ್ಟು, ಯಾರು ಬಂದ್ರು, ಯಾರನ್ನ ಕರೀಲಿಲ್ಲ, ಮಾತು ಎಲ್ಲಿ ಮುರೀತು, ಆರು ತಿಂಗಳ ಮೇಲೆ ಒಪ್ಪಂದ ಉಳಿದಿತ್ತೋ ಇಲ್ಲವೋ, ಎರಡು ಪುಟ ಬರೀರಿ. ಅರ್ಜಿ ಜೊತೆ ಅದನ್ನ ಇಡಿ. ಬೇಕಿದ್ದರೆ ಇಲ್ಲೇ ಹಾಕಿ, ಓದಿ ಹೇಳ್ತೀನಿ.